ಹೆಡ್ಮಾಸ್ಟರರ ಕುದುರೆ ನಡೆ

"ಕುದುರಿ ನಡಸವ್ವಾ! ಕುದುರಿ, ಕುದುರಿ!"

ಇಪ್ಪತ್ತು ಮಕ್ಕಳು ಉಸಿರು ಬಿಗಿಹಿಡಿದು ಒಂದೇ ಚೆಸ್ ಬೋರ್ಡನ್ನು ನೋಡುತ್ತಿದ್ದ ಹಾಲಿನಲ್ಲಿ ಈ ಕೂಗು ಎದ್ದಾಗ ನನ್ನ ಕೈಲಿದ್ದ ರಟ್ಟಿನ ಪ್ಯಾಡು ಜಾರಿ ಕೆಳಗೆ ಬಿತ್ತು. ಕೂಗಿದವರು ಯಾರು? ಕಿಟಕಿಗೆ ಜೋತುಬಿದ್ದ ಪುಂಡರಲ್ಲ. ನಮ್ಮ ಹೆಡ್ಮಾಸ್ಟರು. "ಆಟದ ನಡುವೆ ಹೊರಗಿನವರ ಸಹಾಯ ಪಡೆದರೆ ಆ ಆಟ ಸೋತಂತೆ" ಎಂದು ಅದೇ ಹಾಲಿನ ಕರಿಹಲಗೆಯ ಮೇಲೆ ಬೆಳಿಗ್ಗೆ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ ಮಹಾನುಭಾವರು!

(ಅವರ ಹೆಸರು ಬರೆಯುವುದಿಲ್ಲ. ಈಗ ನಿವೃತ್ತರು. ಆದರೆ ವಾರವಾರ ಪತ್ರಿಕೆಯ ಈ ಪುಟ ಓದಿ, ನಾನು ಅದನ್ನು ಹೇಗೆ ಬರೆಯಬೇಕಿತ್ತು ಎಂದು ಫೋನ್ ಮಾಡಿ ಹೇಳುತ್ತಾರೆ.)

ತೊಂಬತ್ತರ ದಶಕದ ಕೊನೆಯ ಮಾತು. ಕೂಡ್ಲಿಗಿಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರ್. ಹೈಸ್ಕೂಲುಗಳ ನಡುವೆ ಕಬಡ್ಡಿ ನಡೆಯುತ್ತದೆ, ಖೋಖೋ ನಡೆಯುತ್ತದೆ, ಚೆಸ್ ಯಾಕೆ ನಡೆಯಬಾರದು ಎಂಬ ಹುಳ ನನ್ನ ತಲೆಗೆ ಹೊಕ್ಕಿತು. ಹೊಕ್ಕ ಹುಳ ಸುಮ್ಮನಿರುತ್ತದೆಯೇ? ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಗೂ ಒಂದೊಂದು ಶಾಲೆಗೆ ಪತ್ರ ಹಾಕಿದೆ. ಶಾಲೆಗೆ ನಾಲ್ವರ ತಂಡ, ನಾಲ್ಕು ಬೋರ್ಡು, ಒಂದು ಶನಿವಾರ, ಒಂದು ಕಪ್.

ಹರಪನಹಳ್ಳಿಯ ಹೆಸರು ನೋಡಿ ಹೆಡ್ಮಾಸ್ಟರು ಹುಬ್ಬು ಗಂಟಿಕ್ಕಿದರು. "ಅವ್ರು ಈಗ ದಾವಣಗೆರಿ ಜಿಲ್ಲಾಕ್ಕ ಹೋಗ್ಯಾರಲ್ರಿ ಮೇಡಂ?"

"ಜಿಲ್ಲೆ ಬದಲಾದ್ರ ಆನಿ ಓರೆ ನಡೀತೈತೇನ್ರಿ ಸರ್?" ಅಂದೆ. ಸಹಿ ಬಿತ್ತು.

ಆಮೇಲೆ ನಮ್ಮ ತಂಡದ ಪಟ್ಟಿ ನೋಡಿದರು. ನಾಲ್ಕನೆಯ ಹೆಸರು ಕೊಟ್ರಮ್ಮ, ಒಂಬತ್ತನೇ ಕ್ಲಾಸು. ಐದೂ ತಂಡಗಳಲ್ಲಿ ಇದ್ದ ಒಬ್ಬಳೇ ಹುಡುಗಿ. ಶಾಲೆಯ ಹುಡುಗರನ್ನೆಲ್ಲ ಸೋಲಿಸಿ ಸೋಲಿಸಿ, ಕೊನೆಗೆ ಆಡಲು ಯಾರೂ ಸಿಗದೆ ನನ್ನನ್ನೇ ಸೋಲಿಸಿದ್ದವಳು. ಅವಳನ್ನು ಯಾಕೆ ಮೊದಲ ಬೋರ್ಡಿಗೆ ಹಾಕಲಿಲ್ಲ ಅಂತೀರಾ? ಹಾಕಿದ್ದೆ. ಹೆಡ್ಮಾಸ್ಟರು ಕೆಂಪಿಂಕಿನಲ್ಲಿ ಬಾಣ ಎಳೆದು ಕೊನೆಗೆ ತಳ್ಳಿದರು.

"ನಿಮ್ಮ ಹಟಕ್ಕ ಒಪ್ಪೀನಿ. ಈ ಹುಡುಗಿ ಏನರ ಸೋತ್ಲು ಅಂದ್ರ, ಮುಂದಿನ ವರ್ಷದಿಂದ ಹುಡುಗ್ಯಾರ ಹೆಸರು ತಗೊಂಡು ನನ್ನ ಮುಂದ ಬರಬ್ಯಾಡ್ರಿ. ಬರೇ ಹುಡುಗರು."

ಕೊಟ್ರಮ್ಮ ಬಾಗಿಲ ಹತ್ತಿರವೇ ನಿಂತಿದ್ದಳು. ಕೇಳಿಸಿಕೊಂಡಳು. ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು ಅಷ್ಟೇ. ಹುಡುಗ ಸೋತರೆ ಹುಡುಗ ಸೋತ. ಹುಡುಗಿ ಸೋತರೆ ಹುಡುಗಿಯರೆಲ್ಲ ಸೋತರು. ಇದ್ಯಾವ ಸೀಮೆ ಲೆಕ್ಕ? ಗಣಿತದ ಟೀಚರ್ ಆಗಿ ಇಷ್ಟು ವರ್ಷ ಆಯಿತು, ನನಗೆ ಇಂದಿಗೂ ಬಿಡಿಸಲಾಗಿಲ್ಲ.

ಶನಿವಾರ ಬಂತು. ತಂಡಗಳೂ ಬಂದವು. ಮೊದಲು ನಿಯಮಗಳ ಮೀಟಿಂಗು. ಅಲ್ಲೇ ಗೊತ್ತಾಯಿತು, ನಮ್ಮ ಐದು ಊರುಗಳಲ್ಲಿ ಇರುವುದು ಒಂದು ಚೆಸ್ ಅಲ್ಲ, ಐದು ಚೆಸ್!

"ನಮ್ಮ ಕಡಿ ಮೊದಲ್ನೇ ನಡಿಗೆ ಎರಡು ಕಾಲಾಳು ಒಟ್ಟಿಗೆ ನಡಸ್ತೀವ್ರಿ" ಎಂದರು ಹಡಗಲಿಯವರು. "ರಾಜ ಒಂದು ಸಲ ಕುದುರಿಯಂಗ ಜಿಗಿಬೋದಲ್ರಿ?" ಎಂದರು ಹಗರಿಬೊಮ್ಮನಹಳ್ಳಿಯವರು. ಕೊಟ್ಟೂರಿನ ಮೇಷ್ಟ್ರು ಎದ್ದು ನಿಂತು, "ಅರ್ಧ ಆಟಕ್ಕ ಹುಡುಗ ಸುಸ್ತಾದ್ರ ಎಷ್ಟು ಜನ ಬದಲಿ ಇಳಿಸ್ಬೋದ್ರಿ ಮೇಡಂ?" ಎಂದು ಗಂಭೀರವಾಗಿ ಕೇಳಿದರು. ಪಾಪ, ಅವರು ಹದಿನೈದು ವರ್ಷದಿಂದ ವಾಲಿಬಾಲ್ ಕಲಿಸಿದವರು.

ಪುಸ್ತಕ ತೋರಿಸಿ, ಕೈಮುಗಿದು, ಎಲ್ಲರನ್ನೂ ಒಂದೇ ಆಟಕ್ಕೆ ತರುವಷ್ಟರಲ್ಲಿ ನನ್ನ ಗಂಟಲು ಹರಿದುಹೋಯಿತು. ಚೆಸ್ ಗಡಿಯಾರಗಳು ನಮಗೆಲ್ಲಿಂದ ಬರಬೇಕು? ಪೀರಿಯಡ್ ಬೆಲ್ಲೇ ಗಡಿಯಾರ. ಒಂದು ಸೆಟ್ಟಿನಲ್ಲಿ ಬಿಳಿ ಒಂಟೆ ಕಳೆದಿತ್ತು, ಅದರ ಜಾಗಕ್ಕೆ ಸೀಮೆಸುಣ್ಣದ ತುಂಡು ನಿಲ್ಲಿಸಿದೆವು. ಅದನ್ನು ಹೊಡೆದವರ ಬೆರಳೆಲ್ಲ ಬೆಳ್ಳಗೆ.

ನಿಜವಾದ ಕಷ್ಟ ಇದ್ಯಾವುದೂ ಅಲ್ಲ. ನಮ್ಮ ಕಡೆ ಚೆಸ್ ಅಂದರೆ ಗುಡಿ ಕಟ್ಟೆಯ ಮೇಲೆ ಆಡುವ ಆಟ. ಆಡುವವರು ಇಬ್ಬರು, ಆಡಿಸುವವರು ಹನ್ನೆರಡು ಜನ. ಹಿಂದೆ ನಿಂತವರು ಬಾಯಿ ಮುಚ್ಚಿಕೊಂಡಿದ್ದರೆ "ಯಾಕಪಾ, ಮನ್ಯಾಗ ಏನರ ಜಗಳ ಆತೇನು?" ಎಂದು ಕೇಳುವ ಊರು ನಮ್ಮದು. ಚೆಸ್ ಬಿಡಿ, ಬಸ್ಸು ರಿವರ್ಸ್ ತಗೊಳ್ಳುವಾಗ ನೋಡಿ. ಕಂಡಕ್ಟರ್ ಸುಮ್ಮನಿದ್ದರೂ ಏಳು ಜನ "ಬರ್ಲಿ, ಬರ್ಲಿ" ಅನ್ನುತ್ತಾರೆ, ಬಸ್ಸು ಕಾಂಪೌಂಡಿಗೆ ಗುದ್ದಿದ ಮೇಲೆ ಏಳೂ ಜನ ಮಾಯ. ಕೇಳದೆ ಸಲಹೆ ಕೊಡುವುದನ್ನು ನಾವು ಪ್ರೀತಿ ಅಂದುಕೊಂಡಿದ್ದೇವೆ. ಅಂಥವರಿಗೆ ಇಡೀ ದಿನ ಮೌನವಾಗಿರಿ ಅಂದರೆ?

ಬೆಳಿಗ್ಗೆಯೇ ಶುರುವಾಯಿತು. ಒಬ್ಬ ಮೇಷ್ಟ್ರಿಗೆ ತಮ್ಮ ಶಾಲೆಯ ಬೋರ್ಡು ನೋಡಿದಾಗ ಮಾತ್ರ ಕೆಮ್ಮು. ಇನ್ನೊಬ್ಬರು ತಮ್ಮ ಹುಡುಗ ತಪ್ಪು ಕಾಯಿಗೆ ಕೈ ಹಾಕಿದ ಕೂಡಲೇ "ಶಿವ ಶಿವಾ" ಎಂದು ದೇವರ ಸ್ಮರಣೆ ಮಾಡುತ್ತಿದ್ದರು. ಅದಕ್ಕೇ ಹೆಡ್ಮಾಸ್ಟರು ಸಿಟ್ಟಾಗಿ ಕರಿಹಲಗೆಯ ಮೇಲೆ ಆ ನಿಯಮ ಬರೆದದ್ದು. "ಶಿಸ್ತು ಅಂದ್ರ ಶಿಸ್ತು!" ಎಂದು ಗುಡುಗಿದ್ದರು. ಮಧ್ಯಾಹ್ನ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದಾಗಷ್ಟೇ ಎಲ್ಲರ ಬಾಯಿಗೂ ಬೇರೆ ಕೆಲಸ ಸಿಕ್ಕಿತು. (ಆಮೇಲೆ ಕಾಯಿಗಳೆಲ್ಲ ಎಣ್ಣೆ. ಮುಟ್ಟಿದರೆ ಜಾರುತ್ತಿದ್ದವು.)

ಕೊನೆಯ ಸುತ್ತಿಗೆ ಬಂದಾಗ ನಾವು ಮತ್ತು ಹರಪನಹಳ್ಳಿಯವರು ಇಬ್ಬರೂ ಆಡಿದ್ದೆಲ್ಲ ಗೆದ್ದಿದ್ದೆವು. ಈಗ ನಮ್ಮಿಬ್ಬರ ನಡುವೆಯೇ ಆಟ. ಮೊದಲ ಬೋರ್ಡು ಅವರಿಗೆ, ಎರಡನೆಯದು ನಮಗೆ, ಮೂರನೆಯದು ಸಮ. ಉಳಿದದ್ದು ನಾಲ್ಕನೇ ಬೋರ್ಡು. ಕೊಟ್ರಮ್ಮ.

ಎಲ್ಲರೂ ಅವಳ ಸುತ್ತ ಬಂದು ನಿಂತರು. ಅವಳ ಕುದುರೆಯೊಂದು ಮಂತ್ರಿಯ ಎದುರಿಗೇ ನಿಂತು ಕಾವಲು ಕಾಯುತ್ತಿತ್ತು. ಆ ಕುದುರೆ ಅಲ್ಲಿಂದ ಎದ್ದರೆ ಹರಪನಹಳ್ಳಿ ಹುಡುಗನ ಆನೆ ನೆಟ್ಟಗೆ ಬಂದು ಮಂತ್ರಿಯನ್ನು ಹೊಡೆಯುತ್ತದೆ. ಕೊಟ್ರಮ್ಮನಿಗೆ ಅದು ಗೊತ್ತಿತ್ತು. ಗದ್ದಕ್ಕೆ ಕೈಕೊಟ್ಟು ಬೇರೆ ನಡೆ ಯೋಚಿಸುತ್ತಿದ್ದಳು. ಆಗಲೇ ನಮ್ಮ ಹೆಡ್ಮಾಸ್ಟರ ಬಾಯಿಂದ ಬಂತು ನೋಡಿ, "ಕುದುರಿ ನಡಸವ್ವಾ!"

ಹರಪನಹಳ್ಳಿಯ ಪಿ.ಟಿ. ಮೇಷ್ಟ್ರು ಕುರ್ಚಿಯಿಂದ ಪುಟಿದೆದ್ದರು. "ಮೇಡಂ! ಕರಿಹಲಗೆ ಮೇಲೆ ಏನು ಬರ್ದೈತೆ ಓದ್ರಿ. ಹೊರಗಿನವ್ರು ಸಹಾಯ ಮಾಡಿದ್ರೆ ಆಟ ಸೋತಂಗೆ. ಕಪ್ ನಮ್ದು."

ರೆಫರಿ ನಾನು. ಶಾಲೆ ನಮ್ಮದು, ತಪ್ಪು ನಮ್ಮ ಹೆಡ್ಮಾಸ್ಟರದು, ನಿಯಮ ಅವರ ಕೈಬರಹದ್ದೇ. ಎಲ್ಲಿಗೆ ಹೋಗಲಿ? ಕೊಟ್ರಮ್ಮನ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಒಂದು ವರ್ಷ ಕಲಿತ ಆಟ, ಮುಂದೆ ಬರಬೇಕಾದ ಎಷ್ಟೋ ಹುಡುಗಿಯರ ಆಟ, ಬೇರೊಬ್ಬರ ನಾಲಗೆಯ ಚಪಲಕ್ಕೆ ಹೋಗುವುದೆಂದರೆ! ನನಗೆ ಅಳುವೂ ಬಂತು, ಹೆಡ್ಮಾಸ್ಟರನ್ನು ಬೆಂಚಿನ ಮೇಲೆ ನಿಲ್ಲಿಸಬೇಕೆಂದೂ ಅನ್ನಿಸಿತು.

ಕೊಟ್ರಮ್ಮ ಮೆಲ್ಲಗೆ ಬಾಯಿಬಿಟ್ಟಳು. "ಟೀಚರ್, ಅದು ಸಹಾಯ ಅಲ್ರಿ. ಆ ಕುದುರಿ ನಡಸಿದ್ರ ನನ್ನ ಮಂತ್ರಿನೇ ಹೋಗ್ತೈತ್ರಿ."

ಹಾಲಿನಲ್ಲಿ ನಗುವಿನ ಅಲೆ. ಹೆಡ್ಮಾಸ್ಟರ ಮುಖ ಬಜ್ಜಿಯ ಮೆಣಸಿನಕಾಯಿ ಕಚ್ಚಿದಂತೆ ಕೆಂಪಾಯಿತು. "ಏನು ಗೊತ್ತೈತಿ ನಿನಗ? ನಾನು ಹೇಳಿದ ನಡಿ ಸರಿನೇ ಐತಿ!"

"ನೋಡಿದ್ರಾ ಮೇಡಂ?" ಹರಪನಹಳ್ಳಿಯವರಿಗೆ ಹಾಲು ಕುಡಿದಷ್ಟು ಸಂತೋಷ. "ಸರಿ ಐತೆ ಅಂತ ಅವ್ರೇ ಹೇಳ್ತಾರೆ. ಅಂದ್ಮೇಲೆ ಸಹಾಯ ಆತಲ್ಲ?"

ಆಗ ನನಗೆ ಹೊಳೆಯಿತು. ಹೆಡ್ಮಾಸ್ಟರ ಕಡೆ ತಿರುಗಿದೆ.

"ಸರ್, ನಿಮ್ಮ ನಡಿ ಸರಿ ಇದ್ರ ಅದು ಸಹಾಯ, ಕೊಟ್ರಮ್ಮ ಸೋತ್ಲು. ನಿಮ್ಮ ನಡಿ ತಪ್ಪಿದ್ರ ಅದು ಸಹಾಯ ಅಲ್ಲ, ಆಟ ಮುಂದುವರೀತೈತಿ. ಸರಿನೋ ತಪ್ಪೋ, ನೀವೇ ಹೇಳ್ರಿ."

ಹರಪನಹಳ್ಳಿಯವರು ದೊಡ್ಡ ಮನಸ್ಸಿನಿಂದ ಕೈಕಟ್ಟಿ ನಿಂತರು. "ಆಗ್ಲಿ ಬಿಡ್ರಿ. ತಪ್ಪು ಅಂತ ಅವ್ರ ಬಾಯಿಂದ ಬಂದ್ರೆ ನಾನೂ ಒಪ್ಕೊಂತೀನಿ." ಅವರಿಗೆ ಪೂರ್ತಿ ಧೈರ್ಯ. ನಮ್ಮ ಹೆಡ್ಮಾಸ್ಟರ ಬಾಯಿಂದ ಆ ಮಾತು ಬಂದದ್ದನ್ನು ಐದೂ ಊರಲ್ಲಿ ಕೇಳಿದವರು ಯಾರಿದ್ದರು?

ಹೆಡ್ಮಾಸ್ಟರು ಫ್ಯಾನು ನೋಡಿದರು. ಕಪ್ ನೋಡಿದರು. ಐದು ಶಾಲೆಯ ಮಕ್ಕಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಬೋರ್ಡಿನ ಮೇಲೆ ಬಗ್ಗಿದರು. ಕೊನೆಗೆ ಗಂಟಲಿನೊಳಗೇ ಏನೋ ಗೊಣಗಿದರು.

"ಕೇಳಿಸ್ಲಿಲ್ಲ ಸರ್" ಎಂದರು ಹರಪನಹಳ್ಳಿಯವರು.

"ತಪ್ಪು ರೀ! ತಪ್ಪು! ನನ್ನ ನಡಿ ತಪ್ಪೈತಿ! ಸಾಕೇನ್ರಿ?"

ಕೊಟ್ರಮ್ಮ ಕುದುರೆಯನ್ನು ಮುಟ್ಟಲಿಲ್ಲ. ಮಂತ್ರಿಯನ್ನೇ ಓರೆಯಾಗಿ ಸರಿಸಿ ಚೆಕ್ ಕೊಟ್ಟಳು. ಇನ್ನು ಆರೇ ನಡೆ. ಬೆಲ್ಲು ಹೊಡೆಯುವ ಮೊದಲೇ ಹರಪನಹಳ್ಳಿಯ ರಾಜ ಮೂಲೆ ಸೇರಿ ಶರಣಾದ. ಅವರ ಮೇಷ್ಟ್ರೇ ಮೊದಲು ಬಂದು ಕೊಟ್ರಮ್ಮನ ಕೈಕುಲುಕಿದರು. ನಾನು ರೆಫರಿ ಅನ್ನುವುದನ್ನು ಮರೆತು ಅವಳನ್ನು ಅಪ್ಪಿಕೊಂಡು ಅತ್ತೇಬಿಟ್ಟೆ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ. ಮೇಜಿನ ಮೇಲೆ ಕಪ್. ಹೆಡ್ಮಾಸ್ಟರು ಮೈಕು ಹಿಡಿದರು.

"ಮಕ್ಕಳೇ, ಅವತ್ತು ನಾನು ಬೇಕಂತನೇ ತಪ್ಪು ನಡಿ ಕೂಗಿದೆ. ಎದುರಿನವನ ಗಮನ ಕುದುರಿ ಮ್ಯಾಲೆ ಹೋತು. ಇದಕ್ಕ ತಂತ್ರ ಅಂತಾರ! ಹುಡುಗ್ಯಾರ್ನ ತಂಡಕ್ಕ ಸೇರಿಸ್ಬೇಕು ಅಂತ ಹಟ ಹಿಡದಾವನೂ ನಾನೇ."

ಸಾಲಿನಲ್ಲಿ ನಿಂತಿದ್ದ ಕೊಟ್ರಮ್ಮ ಕಣ್ಣರಳಿಸಿ ನನ್ನನ್ನು ನೋಡಿದಳು. ಸುಮ್ಮನಿರು ಎಂದು ಕಣ್ಣಲ್ಲೇ ಸನ್ನೆ ಮಾಡಿ, ಎಲ್ಲರಿಗಿಂತ ಮೊದಲು ನಾನೇ ಜೋರಾಗಿ ಚಪ್ಪಾಳೆ ತಟ್ಟಿದೆ. ಚಪ್ಪಾಳೆ ನಿಲ್ಲುವ ಮೊದಲೇ ಮುಂದಿನ ವರ್ಷದ ತಂಡದ ಪಟ್ಟಿಯನ್ನು ಅವರ ಮುಂದೆ ಹಿಡಿದೆ. ಅದರಲ್ಲಿ ಇಬ್ಬರು ಹುಡುಗಿಯರ ಹೆಸರಿತ್ತು.

ಹೆಡ್ಮಾಸ್ಟರು ಸಹಿ ಹಾಕುತ್ತ ಹೇಳಿದರು: "ಇಬ್ಬರೇ ಯಾಕ್ರಿ ಮೇಡಂ? ನನ್ನ ಮಾತು ಕೇಳ್ರಿ, ಮೂರು ಮಂದಿ ಹುಡುಗ್ಯಾರ್ನ ಹಾಕ್ರಿ."

ಅವರು ಅಷ್ಟು ವರ್ಷಗಳಲ್ಲಿ ಕೊಟ್ಟ ಸಾವಿರಾರು ಸಲಹೆಗಳಲ್ಲಿ ನಾನು ಮರುಮಾತಿಲ್ಲದೆ ಪಾಲಿಸಿದ್ದು ಅದೊಂದನ್ನೇ!