ತೂಕಡಿಕೆಗೆ ಇನ್ನೂರ ಹನ್ನೆರಡು ಚೀಟಿ

ಒಂದಾನೊಂದು ಊರಿನಲ್ಲಿ ಹತ್ತು ಲಕ್ಷ ಚೀಟಿಗಳ ಒಂದು ಕೋಣೆ. ಆ ಕೋಣೆಗೊಬ್ಬಳು ಒಡತಿ. ಊರು ಗ್ರೈಫ್ಸ್‌ವಾಲ್ಡ್, ಒಡತಿ ರೋಸ್ವಿಥಾ ಟೀಡ್ಕೆ. ಕಟ್ಟುಕತೆಯೆನ್ನುವವರು ಬೆಳಗಿನ ಆರಕ್ಕೆ ಹೋಗಿ ನೋಡಲಿ: ಸೈಕಲ್ಲಿಗೆ ಬೀಗ ಹಾಕಿ, ಸ್ವೆಟರಿನ ತೋಳು ಮಡಚಿ, ಮರದ ಪೆಟ್ಟಿಗೆಯೊಂದನ್ನು ಎಳೆಗೂಸಿನಂತೆ ಎತ್ತಿಕೊಳ್ಳುತ್ತಿದ್ದಾರೆ.

ಹಳೆಯ ಗ್ರೀಕ್ ಭಾಷೆಯ ನಿಘಂಟಿಗೆ ಅರ್ಥ ಬರೆಯುವುದು ಅವರ ಮೂವತ್ತೆಂಟು ವರ್ಷದ ಕೆಲಸ. ಒಂದು ಪದ ಎಲ್ಲೆಲ್ಲಿ ಬಂದಿದೆಯೋ ಅಲ್ಲಲ್ಲಿಗೆ ಒಂದೊಂದು ಚೀಟಿ. ಎಲ್ಲ ಓದಿಯೇ ಬರೆಯಬೇಕು. ಪದ ಮುಗಿದ ದಿನ ಬರೆದವರೇ ಕೇಕ್ ತರುವುದು ಇಲ್ಲಿನ ಕಟ್ಟಳೆ. "ನಾನು ನಿಧಾನ ಅಂತ ಬೈತಾರೆ. ಕೇಕಿಗೆ ಬಾಯಿಬಿಟ್ಕೊಂಡು ಕೂತವರ ಮಾತು ಅದು!" ಎನ್ನುತ್ತಾರೆ ರೋಸ್ವಿಥಾ.

ಶುಕ್ರವಾರ ಅವರಿಗೆ ನಿವೃತ್ತಿ. ಕೊನೆಯ ಪದ 'ತೂಕಡಿಸು'. ಗುರು, ತೊಂಬತ್ಮೂರರ ಪ್ರೊಫೆಸರ್ ವೆಂಡೆಲಿನ್ ಹೋಯರ್ ಅರ್ಧಕ್ಕೆ ಬಿಟ್ಟದ್ದು. ಅವರ ಕಣ್ಣು ಪೂರ್ತಿ ಮಂಜಾಗುವ ಮೊದಲು ಮುಗಿಸಿ ಕೈಗಿಡುತ್ತೇನೆಂದು ರೋಸ್ವಿಥಾ ಮಾತು ಕೊಟ್ಟಿದ್ದಾರೆ. ಆದರೆ ಪಟ್ಟಿಯಲ್ಲಿರುವುದು ಇನ್ನೂರ ಹನ್ನೆರಡು ಚೀಟಿ, ಪೆಟ್ಟಿಗೆಯಲ್ಲಿ ಇನ್ನೂರ ಹನ್ನೊಂದು. ಮೂರು ವಾರ ಹುಡುಕಿದರೂ ಸಿಕ್ಕಿಲ್ಲ.

"ಸಹಿ ಹಾಕ್ಬಿಡಿ, ಫ್ರೌ ಟೀಡ್ಕೆ," ಪಕ್ಕದ ಮೇಜಿನ ಫೋಲ್ಕ್‌ಮಾರ್ ಕೆಣಕುತ್ತಾರೆ. "ಯಾವನೋ ಗ್ರೀಕ ಎಲ್ಲೋ ತೂಕಡಿಸಿದ. ಮಲಗಲಿ ಪಾಪ!"

"ಅವನನ್ನ ಎಬ್ಬಿಸದೆ ನಾನು ಮನೆಗೆ ಹೋಗಲ್ಲ."

ಗುರುವಾರ ಮಧ್ಯಾಹ್ನ, ಸೋತ ದನಿಯಲ್ಲಿ ಗುರುಗಳಿಗೆ ಫೋನು.

"ಖಾಲಿ ಕಾಗದದ ಕಟ್ಟು ನೋಡಿದ್ಯಾ?" ಆ ಕಡೆಯಿಂದ ಪ್ರಶ್ನೆ.

"ಖಾಲಿ ಕಾಗದದಲ್ಲಿ ಏನಿರುತ್ತೆ, ಸರ್?"

"ನಾನು ಕೆಲಸಕ್ಕೆ ಸೇರಿದಾಗ ಯುದ್ಧ ಮುಗಿದು ಏಳೆಂಟು ವರ್ಷ, ಆಗಲೂ ಕಾಗದ ಎಲ್ಲಿತ್ತಮ್ಮ? ಬೀಜದಂಗಡಿಯ ಹಳೇ ಬಿಲ್ಲಿನ ಬೆನ್ನ ಮೇಲೆ ಚೀಟಿ ಬರೀತಿದ್ವಿ. ಮಗುಚಿ ಬಿದ್ದಿದ್ರೆ, ಬೆನ್ನು ಖಾಲಿ ಇರೋ ಬಿಲ್ಲು ಅಂದ್ಕೊಂಡು ಯಾರೋ ಆ ಕಟ್ಟಿಗೆ ಸೇರಿಸಿರ್ತಾರೆ. ನಾನೇ ಇರಬಹುದು!"

ಉಳಿದ ಬಿಲ್ಲುಗಳ ಕಟ್ಟು ಕಪಾಟಿನ ತಳದಲ್ಲಿದೆ. ರೋಸ್ವಿಥಾ ನೆಲದ ಮೇಲೆ ಕೂತು ಒಂದೊಂದನ್ನೇ ಮಗುಚುತ್ತಾರೆ. ಮೂಲಂಗಿ ಬೀಜದ ಬಿಲ್ಲೊಂದರ ಬೆನ್ನಲ್ಲಿ ಗುರುಗಳ ಎಳೆಯ ಕೈಬರಹ: ಮಗ್ಗದ ಮುಂದೆ ತೂಕಡಿಸುವ ಹೆಂಗಸು.

"ನೋಡಿ ಫೋಲ್ಕ್‌ಮಾರ್! ಕಾವಲುಗಾರ, ಕುಡುಕ, ಮುದುಕ... ಇನ್ನೂರ ಹನ್ನೊಂದೂ ಗಂಡಸರೇ. ದುಡಿದು ಸುಸ್ತಾಗಿ ತೂಕಡಿಸಿದವಳು ಇವಳೊಬ್ಬಳೇ. ಇವಳನ್ನ ಬಿಟ್ಟು ಸಹಿ ಹಾಕು ಅಂದ್ರಲ್ಲ!"

ಫೋಲ್ಕ್‌ಮಾರ್ ಎದ್ದು ನಿಂತು ಚೀಟಿಗೆ ತಲೆಬಾಗುತ್ತಾರೆ. ಪದದ ಅರ್ಥಕ್ಕೆ ಅವಳಿಗಾಗಿ ಒಂದು ಹೊಸ ಸಾಲು ಸೇರುತ್ತದೆ, ಅದರ ಕೆಳಗೆ ರೋಸ್ವಿಥಾರ ಸಹಿ.

ಶುಕ್ರವಾರ ಪ್ರೊಫೆಸರ್ ಹೋಯರ್ ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ತಿದ್ದುವ ಪೆನ್ಸಿಲ್ ಹಿಡಿದು ಓದುತ್ತಾರೆ. ಒಂದು ಪುಟಕ್ಕೆ ಮುಕ್ಕಾಲು ಗಂಟೆ. ಮಗ್ಗದ ಹೆಂಗಸನ್ನು ಎರಡು ಸಲ, ಗಟ್ಟಿಯಾಗಿ.

"ತಿದ್ದೋದು ಏನಾದ್ರೂ ಇದೆಯಾ, ಸರ್?"

"ಇಲ್ಲ," ಎನ್ನುತ್ತಾ ಅವರು ಪೆನ್ಸಿಲನ್ನು ಜೇಬಿಗೆ ಸೇರಿಸುತ್ತಾರೆ.