ಸೊಸೆಗೆ ಕಳಿಸಿದ ಪ್ರಸಾದ

ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಾಗ ಪುತ್ತೂರಿನ ವಕೀಲರ ಫೋನು ಬಂತು. ಹೆಂಡತಿಗೆ ಹೊಡೆದನೆಂಬ ಕೇಸಿನಲ್ಲಿ ನನ್ನ ಮಗನಿಗೆ ಜಾಮೀನು ಕೊಡಿಸಿದವರು ಅವರೇ.

"ಅಮ್ಮ, ಕುಂಬ್ರಕ್ಕೆ, ಸೊಸೆಯ ತಾಯಿಮನೆಗೆ ಎಂತ ಕಳಿಸಿದ್ದು ನೀವು?"

"ಮೊನ್ನೆ ಮನೆಯ ದೈವಕ್ಕೆ ತಂಬಿಲದ ಪೂಜೆ ಆಯ್ತಲ್ಲ, ಅದರ ಪ್ರಸಾದ. ಮನೆಯ ಸೊಸೆಗೆ ಕೊಡದೆ ನಾವು ತಿನ್ನುದು ಹೇಗೆ?"

"ಎಂತ ಮಾರಾಯ್ರೆ! ನಿಮ್ಮ ಕಡೆಯವರು ಯಾರೂ ಅವಳನ್ನು ಸಂಪರ್ಕಿಸಬಾರದು ಅಂತ ಕೋರ್ಟಿನ ಷರತ್ತು ಉಂಟು. ದೈವದ ಹೆಸರಲ್ಲಿ ಹೆದರಿಸಿದ್ರು ಅಂತ ಅವರು ದೂರು ಕೊಟ್ರೆ ಜಾಮೀನು ರದ್ದು. ಮತ್ತೆ ಮಗನನ್ನು ಬಿಡಿಸ್ಲಿಕ್ಕೆ ದೈವವೇ ಬರ್ಬೇಕು."

ಕೈಯಲ್ಲಿದ್ದ ಬೀಜ ಕೆಳಗಿಟ್ಟೆ. "ದೂರು ಕೊಟ್ರಾ?"

"ಇಲ್ಲ. ಅವಳ ಅಪ್ಪ ಹೊರಟಿದ್ದರಂತೆ. ನಿಮ್ಮ ಸೊಸೆಯೇ ಬೇಡ ಅಂದಳಂತೆ. ಆಚೆ ವಕೀಲರು ಹೇಳಿದ್ದು."

"ಪ್ರಸಾದ ತಿಂದಳಂತಾ?"

"ಅದನ್ನೆಲ್ಲ ನಾನು ಕೇಳುದಿಲ್ಲಮ್ಮ. ಇನ್ನು ಎಂತದೂ ಕಳಿಸ್ಬೇಡಿ."

ಮಗ ಚಾವಡಿಯಲ್ಲಿ ಮಲಗಿದ್ದ. ಹೊಡೆದದ್ದು ಹೌದಾ ಎಂದು ಒಮ್ಮೆ ಕೇಳಿದ್ದೆ, ಅವನು ಎದ್ದು ಹೋಗಿದ್ದ. ಇನ್ನೊಮ್ಮೆ ಕೇಳುವ ತ್ರಾಣ ನನ್ನಲ್ಲಿರಲಿಲ್ಲ. ಹೊಡೆಸಿಕೊಂಡೆ ಎಂದವಳೇ ಇವತ್ತು ಅವನನ್ನು ಉಳಿಸಿದ್ದಳು. ಅಷ್ಟಾದರೂ ಆಯಿತಲ್ಲ ಎಂದು ದೇವರ ಕೋಣೆಯ ಕಡೆ ಕೈಮುಗಿದು, ಗಂಜಿಗೆ ಅಕ್ಕಿ ತೊಳೆಯಲು ಎದ್ದೆ.