ಪಾಷಾ ಸಾಹೇಬರ ನೂರ ಅರವತ್ತನಾಲ್ಕು

ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸರ್ದಾರ್ ಪಾಷಾ ಅವರ ರಿಪೇರಿ ಅಂಗಡಿ ಇತ್ತು. ಎಂಟಡಿ ಉದ್ದ, ಆರಡಿ ಅಗಲ. ರೇಡಿಯೊ, ಟೇಪ್ ರೆಕಾರ್ಡರ್, ಟಿ.ವಿ., ಮಿಕ್ಸಿ, ಏನು ಕೆಟ್ಟರೂ ಅಲ್ಲಿಗೇ. ಬೈಲಕುಪ್ಪೆಯ ಟಿಬೆಟನ್ ಮುದುಕರು ರೇಡಿಯೊ ಹಿಡಿದು ಬರುತ್ತಿದ್ದರು, ರಾವಂದೂರು ಕಡೆಯವರು ಟಿ.ವಿ.ಯನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತರುತ್ತಿದ್ದರು. ಆದರೆ ಜನ ಅಲ್ಲಿಗೆ ಹೋಗುತ್ತಿದ್ದದ್ದು ರಿಪೇರಿಗೆ ಮಾತ್ರ ಅಲ್ಲ. ಹೊಗೆಸೊಪ್ಪು ಹರಾಜಾಗಿ ಕೈಗೆ ನಾಲ್ಕು ಕಾಸು ಬಂದ ತಿಂಗಳಲ್ಲಿ, ಮೈಸೂರಿಗೆ ಹೋಗಿ ಹೊಸ ಟಿ.ವಿ. ಕೊಳ್ಳುವ ಮೊದಲು ಒಂದು ಗಳಿಗೆ ಆ ಅಂಗಡಿ ಮುಂದೆ ನಿಂತು ಕೇಳಿ ಹೋಗುತ್ತಿದ್ದರು.

‘ಅನ್ನೊಂದು ಸಾವಿರ ಅಂತವ್ರೆ ಸಾಬ್ರೇ. ಕೊಡಬೌದಾ?’

‘ಒಳಗಿರೋ ಮಾಲು ನಾಲ್ಕೂವರೆ ಸಾವಿರದ್ದು ಕಣಪ್ಪ. ಅಂಗಡಿ ಬಾಡಿಗೆ, ಗಾಜಿನ ಬಾಗಿಲು, ಟೈ ಕಟ್ಕೊಂಡು ನಿಂತವನ ಸಂಬಳ, ಎಲ್ಲಾನೂ ನಿನ್ನ ತಲೆ ಮೇಲೇ ಹಾಕವ್ರೆ. ಒಂಬತ್ತಕ್ಕೆ ಕೇಳು. ಒಂಬತ್ತೂವರೆಗೆ ಕೊಡ್ತಾರೆ.’

ಕೊಡುತ್ತಿದ್ದರು. ಪಾಷಾ ಸಾಹೇಬರು ಯಾವ ವಸ್ತುವಿನ ಬೆಲೆ ಚೀಟಿಯನ್ನೂ ನಂಬಿದವರಲ್ಲ. ಹಿಂದಿನ ಮುಚ್ಚಳ ಬಿಚ್ಚಿ ಒಳಗೆ ನೋಡಿದ ಮೇಲೇ ಅವರ ಮಾತು. ಬೆಲೆ ಎಂಬುದು ಅಂಗಡಿಯವನ ಬಾಯಲ್ಲಿ ಹುಟ್ಟುತ್ತದೆಯೇ ಹೊರತು ವಸ್ತುವಿನ ಹೊಟ್ಟೆಯಲ್ಲಲ್ಲ ಎಂದು ನನಗೆ ಕಲಿಸಿದವರು ಅವರು. ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ನನಗಿರುವ ಅರ್ಥಶಾಸ್ತ್ರ ಆ ಎಂಟಡಿ ಅಂಗಡಿಯದು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಬೆಸುಗೆ ಹಾಕುವಾಗ ಅವರ ಕಣ್ಣೆದುರು ಕಪ್ಪು ಎಳೆಯೊಂದು ತೇಲಿತು. ಕನ್ನಡಕ ಒರೆಸಿದರು, ಹೋಗಲಿಲ್ಲ. ಬಲ್ಬು ಬದಲಿಸಿದರು, ಹೋಗಲಿಲ್ಲ. ಹೆಂಡತಿ ಅಜ್ಮತುನ್ನೀಸಾ ಹಟ ಮಾಡಿ ಮೈಸೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸಕ್ಕರೆ ಕಾಯಿಲೆ ಎಂಟು ವರ್ಷದಿಂದ ಇತ್ತು. ಡಾಕ್ಟರು ನೋಡಿ ಹೇಳಿದ್ದು ಇಷ್ಟು: ಕಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣಗೆ ರಕ್ತ ಜಿನುಗಿದೆ. ಸಕ್ಕರೆಯನ್ನು ನೂರೈವತ್ತು, ನೂರ ಅರವತ್ತರ ಆಸುಪಾಸಿನಲ್ಲಿ ಹಿಡಿದಿಟ್ಟರೆ ಕಣ್ಣು ಉಳಿಯುತ್ತದೆ. ಮುನ್ನೂರಕ್ಕೆ ಬಿಟ್ಟರೆ ಉಳಿಯುವುದಿಲ್ಲ. ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ತಲೆಗೂದಲಿನಷ್ಟು ಸಪೂರದ ತಂತಿಗೆ ಬೆಸುಗೆ ಹಾಕಿ ಬದುಕುವವನಿಗೆ ಈ ಮಾತು ಹೇಗೆ ಕೇಳಿಸಿರಬೇಕು? ಮನೆ ಬಾಡಿಗೆಯದು. ಮಗಳು ಮಾಹಿರಾ ಇನ್ನೂ ಪಿಯುಸಿ. ಪಾಷಾ ಸಾಹೇಬರು ಬಸ್ಸಿನಲ್ಲಿ ಬರುವಾಗಲೇ ಟೀಗೆ ಸಕ್ಕರೆ ಬಿಟ್ಟರು, ರಾತ್ರಿ ಅನ್ನ ಬಿಟ್ಟು ಮುದ್ದೆಗೆ ಬಂದರು.

ಉಳಿದದ್ದು ವಾರದ ಪರೀಕ್ಷೆ. ಊರಿನ ಲ್ಯಾಬಿನ ಬಾಗಿಲು ತೆರೆಯುವುದು ಹತ್ತು ಗಂಟೆಗೆ. ಅಲ್ಲಿಯವರೆಗೆ ಖಾಲಿ ಹೊಟ್ಟೆ, ಅರ್ಧ ದಿನ ಅಂಗಡಿ ಬಂದ್, ಮೇಲೆ ನಲವತ್ತು ರೂಪಾಯಿ. ಮನೆಯಲ್ಲೇ ಬೆರಳು ಚುಚ್ಚಿ ನೋಡಿಕೊಳ್ಳುವ ಮಷಿನ್ ಬಂದಿದೆ ಎಂದು ಕೇಳಿ ಮೈಸೂರಿನ ಅಂಗಡಿಯೊಂದಕ್ಕೆ ಹೋದರು. ನಾಲ್ಕು ಸಾವಿರದ ಎಂಟುನೂರು. ಅದಕ್ಕೆ ಹಾಕುವ ಪಟ್ಟಿ ಒಂದೊಂದಕ್ಕೂ ಇಪ್ಪತ್ತೈದು ರೂಪಾಯಿ ಬೇರೆ.

‘ಒಂದ್ಸಲ ಬಿಚ್ಚಿ ತೋರಿಸಿ,’ ಅಂದರು ಪಾಷಾ.

‘ಬಿಚ್ಚಂಗಿಲ್ಲ ಸಾರ್, ಗ್ಯಾರಂಟಿ ಹೋಗ್ತದೆ.’

‘ಒಳಗೆ ಒಂದು ಐಸಿ, ಒಂದು ಡಿಸ್‌ಪ್ಲೇ, ಒಂದು ಸೆಲ್ಲು. ಆರುನೂರು ರೂಪಾಯಿ ಮಾಲಿಲ್ಲ. ರೋಗಿ ಅಂತ ಗೊತ್ತಾದ್ರೆ ಹಿಂಗೂ ಹಿಂಡ್ತೀರೇನಪ್ಪ?’

ಎದ್ದು ಬಂದರು. ನಾನಾಗಿದ್ದರೂ ಎದ್ದು ಬರುತ್ತಿದ್ದೆ.

ಅವರ ಅಕ್ಕನ ಮಗನೊಬ್ಬ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿದ್ದಾನೆ. ಅವನಿಗೆ ಬೇರೆ ಹೆಸರಿಟ್ಟು ಬರೆಯಪ್ಪ ಎಂದಿದ್ದಾರೆ ಪಾಷಾ, ರಿಯಾಜ್ ಎಂದಿಡೋಣ. ದೊಡ್ಡ ಓದಿನವನಲ್ಲ. ಗೋಡೌನೊಂದರಲ್ಲಿ ಪೆಟ್ಟಿಗೆಗೆ ಟೇಪು ಸುತ್ತುವ ಕೆಲಸ. ಆ ಗೋಡೌನಿಗೆ ಅಂಗಡಿಯೇ ಇಲ್ಲ, ಗಿರಾಕಿಯೂ ಬರುವುದಿಲ್ಲ. ಜನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕ್ಯಾಮೆರಾ, ರೇಡಿಯೊ ಏನು ಬೇಕೋ ಗುಂಡಿ ಒತ್ತುತ್ತಾರೆ. ಇವರು ಕಟ್ಟಿ ಕಳಿಸುತ್ತಾರೆ. ಫೋನಿನಲ್ಲಿ ಅವನು ಇದನ್ನು ವಿವರಿಸಿದ ದಿನ ಪಾಷಾ ಸಾಹೇಬರು ಹೇಳಿದವರಿಗೇ ಹೇಳಿದರು.

‘ಅಲ್ಲಿಯೋರು ಏನ್ಮಾಡ್ತಾರೆ ಗೊತ್ತಾ? ಅಂಗಡಿಗೆ ಹೋಗ್ತಾರೆ, ವಸ್ತು ಕೈಯಲ್ಲಿ ಹಿಡ್ದು ನೋಡ್ತಾರೆ, ರೇಟು ಕೇಳ್ತಾರೆ, ಥ್ಯಾಂಕ್ಯೂ ಅಂತ ಮನೆಗೆ ಬಂದು ಕಂಪ್ಯೂಟರಲ್ಲಿ ಅರ್ಧ ದುಡ್ಡಿಗೆ ತರಿಸ್ಕತಾರೆ. ಗಾಜಿನ ಬಾಗಿಲಿಗೆ ಒಂದು ಕಾಸಿಲ್ಲ.’

ಸಕ್ಕರೆ ನೋಡುವ ಮಷಿನ್ ಅಲ್ಲಿನ ಔಷಧದಂಗಡಿಯಲ್ಲಿ ನೂರ ಇಪ್ಪತ್ತು ಡಾಲರ್, ರಿಯಾಜನ ಗೋಡೌನಿನಲ್ಲಿ ನೂರು ಪಟ್ಟಿಯ ಸಮೇತ ಐವತ್ತೊಂಬತ್ತು. ನಮ್ಮ ಎರಡು ಸಾವಿರ ರೂಪಾಯಿ. ಅವನು ಮಾಮನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ರಂಜಾನ್ ಮುಗಿದ ಹೊಸದರಲ್ಲಿ, ರಜೆಗೆ ಬಂದ ಮೈಸೂರಿನವರೊಬ್ಬರ ಕೈಯಲ್ಲಿ ಮಷಿನ್ ಬಂತು.

ಪಾಷಾ ಮೊದಲು ಅದನ್ನು ಬಿಚ್ಚಿದರು. ಒಳಗೆ ಅಚ್ಚುಕಟ್ಟಾದ ಕೆಲಸ. ಮತ್ತೆ ಮುಚ್ಚಿ, ಬೆರಳು ಚುಚ್ಚಿದರು. ಮಷಿನ್ 13.9 ಎಂದು ತೋರಿಸಿತು.

ಅವರ ಹತ್ತಿರ ಕರೆಂಟು ಅಳೆದು ಅಂಕಿಯಲ್ಲಿ ತೋರಿಸುವ ಮೀಟರು ಇತ್ತು, ಹತ್ತು ವರ್ಷದಿಂದ. ಅದರಲ್ಲಿ ಗುಂಡಿ ತಿರುಗಿಸಿದ ಹಾಗೆ ಚುಕ್ಕೆ ಅತ್ತಿತ್ತ ಸರಿಯುತ್ತದೆ. ಚುಕ್ಕೆ ಎಲ್ಲಿದ್ದರೂ ಅಂಕಿ ಯಾವುದೆಂದು ಮೆಕ್ಯಾನಿಕ್ಕಿಗೆ ಗೊತ್ತು. ಇದೂ ಹಾಗೇ ಎಂದುಕೊಂಡರು. ನೂರ ಮೂವತ್ತೊಂಬತ್ತು. ಆದರೂ ಸುಮ್ಮನೆ ನಂಬುವ ಜನವಲ್ಲವಲ್ಲ, ಲ್ಯಾಬಿನ ಚೀಟಿ ತೆಗೆದು ಪಕ್ಕದಲ್ಲಿಟ್ಟರು. ಅದರಲ್ಲಿ ನೂರ ನಲವತ್ತೆರಡು. ತಾಳೆಯಾಯಿತು. ಚೀಟಿ ಒಂದೂವರೆ ತಿಂಗಳ ಹಿಂದಿನದು, ಹಬ್ಬದ ಶೀರ್‌ಖುರ್ಮಾ ಪಾಯಸಕ್ಕೂ ಮೊದಲಿನದು. ಹೊಸದಾಗಿ ಪರೀಕ್ಷೆ ಮಾಡಿಸಿ ಹೋಲಿಸಬಹುದಿತ್ತು. ಆದರೆ ನಲವತ್ತು ರೂಪಾಯಿ ಉಳಿಸಲೆಂದು ತರಿಸಿದ ಮಷಿನಿಗೆ ಮತ್ತೆ ನಲವತ್ತು ರೂಪಾಯಿ ಯಾರು ಸುರಿಯುತ್ತಾರೆ?

ಅಂಕಿಯ ಕೆಳಗೆ ಇರುವೆ ಕಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಕಂಪನಿ ಗುರುತು ಅಂದುಕೊಂಡರು.

ಅಂದಿನಿಂದ ಭಾನುವಾರ ಬೆಳಿಗ್ಗೆ ತಪ್ಪದೆ ಬೆರಳು ಚುಚ್ಚಿ, ಮಾಹಿರಾಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದರು. 151. 138. 164. ಚುಕ್ಕೆ ಬರೆಯಲಿಲ್ಲ. ತಿಂಗಳಿಗೊಮ್ಮೆ ಊರಿನ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಒಳ್ಳೆಯವರು, ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ‘ಭೇಷ್ ಪಾಷಾ, ಇದೇ ಮಾತ್ರೆ ಮುಂದುವರಿಸಿ. ಲ್ಯಾಬಿಗೆ ದುಡ್ಡು ದಂಡ ಮಾಡಬೇಡಿ,’ ಎಂದರು.

ಆ ವರ್ಷ ಪತ್ರಿಕೆಯ ಇದೇ ಅಂಕಣದಲ್ಲಿ ನಾನೂ ಬರೆದೆ. ಮೈಸೂರಿನಲ್ಲಿ ಎಷ್ಟು, ಮೆಲ್ಬರ್ನಿನಲ್ಲಿ ಎಷ್ಟು, ಬಡವನ ರೋಗಕ್ಕೂ ಲಾಭ ಕಟ್ಟುವ ಅಂಗಡಿಗಳೇ ನಿಮಗೆ ನಾಚಿಕೆಯಿಲ್ಲವೇ ಎಂದು. ಪಾಷಾ ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದರು. ಬಂದವರಿಗೆಲ್ಲ ಓದಿಸಿದರು.

ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಎದುರಿಗೆ ಕಡಲೆಕಾಯಿ ಮಾರುವ ಬೀರಮ್ಮ ತಲೆ ಸುತ್ತುತ್ತದೆ ಎಂದು ಬಂದು ಕೂತಳು. ಪಾಷಾ ಒಂದು ಪಟ್ಟಿ ಖರ್ಚು ಮಾಡಿ ಅವಳ ಬೆರಳು ಚುಚ್ಚಿದರು. 6.1. ಅವರ ಮುಖ ಬಿಳುಚಿತು.

‘ಅರವತ್ತೊಂದು ಕಣಮ್ಮ. ಸಕ್ಕರೆ ಪೂರಾ ಇಳಿದೈತೆ. ಊಟ ಮಾಡಿದ್ಯಾ?’

‘ಊಂ ಕಣ್ ಸಾಬ್ರೇ, ಈಗ್ತಾನೆ ಉಂಡೆ. ಬಿಸ್ಲಿಗೆ ಸುತ್ತಿರ್ಬೇಕು ಬುಡಿ.’

‘ಸುಮ್ನಿರು.’ ಪಕ್ಕದ ಹೋಟೆಲಿನಿಂದ ನಾಲ್ಕು ಚಮಚ ಸಕ್ಕರೆಯ ಟೀ ತರಿಸಿ ಕುಡಿಸಿದರು. ಬೀರಮ್ಮ ಲೋಟ ಬರಿದು ಮಾಡಿ ಬಾಯಿ ಒರೆಸಿಕೊಂಡಳು.

‘ದಿನಾ ಒಂದ್ಸಲ ಚುಚ್ಬುಡಿ ಸಾಬ್ರೇ. ನನ್ಗೂ ಟೀ ಕಾಸು ಉಳೀತದೆ.’

ನಾವೆಲ್ಲ ನಕ್ಕೆವು. ಹೊಟ್ಟೆ ತುಂಬ ಉಂಡು ಬಂದ ಹೆಂಗಸಿನ ಮೈಯಲ್ಲಿ ಸಕ್ಕರೆ ಅರವತ್ತೊಂದಕ್ಕೆ ಹೇಗೆ ಇಳಿಯಿತು ಎಂದು ಯಾರೂ ಕೇಳಲಿಲ್ಲ. ಪ್ರಪಂಚದ ಮೇಲೆಲ್ಲ ಪ್ರಶ್ನೆ ಎಸೆಯುವ ನಾನೂ ಕೇಳಲಿಲ್ಲ.

ಕಣ್ಣಿನ ಎಳೆಗಳು ಹೆಚ್ಚಾದವು. ಎಳೆ ಹೋಗಿ ಬಲೆಯಾಯಿತು. ಪಾಷಾ ಹೆದರಿ ಮುದ್ದೆಯನ್ನೂ ಅರ್ಧ ಮಾಡಿದರು. ಒಂದು ಭಾನುವಾರ ಮಷಿನ್ 7.2 ತೋರಿಸಿದ್ದಕ್ಕೆ ಸಕ್ಕರೆ ಎಪ್ಪತ್ತೆರಡಕ್ಕೆ ಬಿತ್ತೆಂದು ಗಾಬರಿಯಾಗಿ ಬೆಲ್ಲ ತಿಂದರು. ಮತ್ತೆ ನೂರ ಅರವತ್ತು, ನೂರ ಎಪ್ಪತ್ತು. ‘ಸಕ್ಕರೆ ಹತೋಟಿಯಲ್ಲೇ ಇದೆಯಲ್ಲ, ಕಣ್ಣು ಯಾಕೆ ಹೋಗ್ತಿದೆ?’ ಎಂದು ಅಜ್ಮತುನ್ನೀಸಾ ಕೇಳಿದರೆ, ‘ವಯಸ್ಸು,’ ಎಂದರು. ಐವತ್ತಮೂರು ವಯಸ್ಸು.

ಎರಡು ಸಾವಿರದ ಆರರ ಆಗಸ್ಟಿನಲ್ಲಿ ಬಲಗಣ್ಣಿಗೆ ಪರದೆ ಕಟ್ಟಿದ ಹಾಗಾಯಿತು. ಮೈಸೂರಿಗೆ ಓಡಿದರು. ಆಪರೇಷನ್ನಿಗೆ ಮುಂಚೆ ಅಲ್ಲಿಯೇ ರಕ್ತ ಪರೀಕ್ಷೆ ಮಾಡಿದರು. ಮುನ್ನೂರ ಹನ್ನೆರಡು.

ಪಾಷಾ ಒಪ್ಪಲಿಲ್ಲ. ‘ನಿಮ್ಮ ಲ್ಯಾಬ್ ತಪ್ಪಿದೆ ಡಾಕ್ಟ್ರೇ,’ ಎಂದು ಜೇಬಿನಿಂದ ಮಷಿನ್ ತೆಗೆದು ಅವರೆದುರೇ ಬೆರಳು ಚುಚ್ಚಿಕೊಂಡರು. ‘ನೋಡಿ. ನೂರ ಎಪ್ಪತ್ತಾರು.’

ಡಾಕ್ಟರು ಮಷಿನ್ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಂತರ ಕೂರಲು ಹೇಳಿದರು.

‘ಇದು ಎಲ್ಲಿಯದು ಪಾಷಾ?’

‘ಆಸ್ಟ್ರೇಲಿಯಾದ್ದು. ನನ್ನ ಅಕ್ಕನ ಮಗ ಕಳಿಸಿದ್ದು.’

‘ಅಲ್ಲಿ ಅಳತೆ ಬೇರೆ. ಇದರಲ್ಲಿ ಬಂದ ಅಂಕಿಯನ್ನು ಹದಿನೆಂಟರಿಂದ ಗುಣಿಸಬೇಕು. ಇದು ನೂರ ಎಪ್ಪತ್ತಾರಲ್ಲ. ಹದಿನೇಳು ಪಾಯಿಂಟ್ ಆರು. ಗುಣಿಸಿದರೆ ಮುನ್ನೂರ ಹದಿನೇಳು.’ ಮಷಿನನ್ನು ಮೇಜಿನ ಮೇಲಿಟ್ಟು ಕೇಳಿದರು, ‘ಎಷ್ಟು ದಿನದಿಂದ ಇದನ್ನು ನೋಡ್ತಿದ್ದೀರಿ?’

‘ಇಪ್ಪತ್ತು ತಿಂಗಳು.’

ಮಷಿನ್ ಕೆಟ್ಟಿರಲಿಲ್ಲ. ಪ್ರತಿ ಭಾನುವಾರವೂ ಸರಿಯಾಗಿಯೇ ಹೇಳಿತ್ತು.

ಮನೆಗೆ ಬಂದ ದಿನ ಪಾಷಾ ಮಗಳನ್ನು ಕೂರಿಸಿಕೊಂಡು, ನೋಟ್‌ಬುಕ್ ಓದು ಎಂದರು. ಬೇಡ ಅಬ್ಬಾ ಎಂದಳು. ಓದು ಎಂದರು. ಮಾಹಿರಾ ಕ್ಯಾಲ್ಕುಲೇಟರ್ ಹಿಡಿದು ಓದಿದಳು. ನೂರ ಐವತ್ತೊಂದು ಅಂದರೆ ಇನ್ನೂರ ಎಪ್ಪತ್ತೆರಡು. ನೂರ ಮೂವತ್ತೆಂಟು ಅಂದರೆ ಇನ್ನೂರ ನಲವತ್ತೆಂಟು. ನೂರ ಅರವತ್ತನಾಲ್ಕು ಅಂದರೆ ಇನ್ನೂರ ತೊಂಬತ್ತೈದು. ಒಂದು ಪುಟ ಮುಗಿಯಿತು. ಎರಡನೆಯ ಪುಟದ ನಡುವೆ ಹುಡುಗಿ ನೋಟ್‌ಬುಕ್ ಮುಚ್ಚಿದಳು. ಪಾಷಾ ಮುಂದಕ್ಕೆ ಓದಲು ಹೇಳಲಿಲ್ಲ.

ನಾನು ಯಾರ ಮೇಲೆ ಸಿಟ್ಟು ಮಾಡಲಿ? ಪ್ರೀತಿಯಿಂದ ಕಳಿಸಿದ ಹುಡುಗನ ಮೇಲೋ? ಬಡವನ ನಲವತ್ತು ರೂಪಾಯಿ ಉಳಿಸಿದ ಡಾಕ್ಟರ ಮೇಲೋ? ಆ ಮಷಿನಿನ ಪೆಟ್ಟಿಗೆ ನಾನು ನೋಡಿದ್ದೇನೆ. ರಿಯಾಯಿತಿ ದರ ಹೆಬ್ಬೆರಳು ಗಾತ್ರದ ಕೆಂಪು ಅಕ್ಷರದಲ್ಲಿದೆ. ಅಳತೆ ಯಾವುದೆಂದು ಓದಲು ಭೂತಗನ್ನಡಿ ಬೇಕು. ಮೈಸೂರಿನ ಆ ಅಂಗಡಿಯ ಮಷಿನ್ ನಮ್ಮ ಅಳತೆಯದಾಗಿತ್ತು. ಅವನು ಕೇಳಿದ ಹಗಲುದರೋಡೆಯ ಬೆಲೆ ತೆತ್ತಿದ್ದರೆ ಇವರ ಕಣ್ಣು ಉಳಿಯುತ್ತಿತ್ತು. ಇದನ್ನು ಬರೆಯಲು ನನಗೆ ಕೈ ಬಾರದು, ಆದರೂ ಇದು ನಿಜ. ತೆರಲಾಗದ ಬೆಲೆಯನ್ನು ಔಷಧದ ಮುಂದೆ ನಿಲ್ಲಿಸಿದವರು, ಅಡ್ಡದಾರಿ ಹಿಡಿದವನು ಬಿದ್ದಾಗ ಅವನದೇ ತಪ್ಪು ಎನ್ನುತ್ತಾರೆ. ಆ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮತ್ತು ಗೋಡೆಗೆ ಅಂಟಿದ್ದ ನನ್ನ ಬರಹವನ್ನು ನಾನೇ ಹೋಗಿ ಕಿತ್ತುಹಾಕಿದೆ.

ಬಲಗಣ್ಣು ಹೋಯಿತು. ಎಡಗಣ್ಣಿಗೆ ಲೇಸರ್ ಮಾಡಿದರು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಈಗ ಮೊಬೈಲ್ ಕರೆನ್ಸಿ ಮಾರುತ್ತಾರೆ, ಬೇರೆಯವರು. ಅಜ್ಮತುನ್ನೀಸಾ ಹೊಲಿಗೆ ಹಿಡಿದಿದ್ದಾರೆ.

ಕಳೆದ ತಿಂಗಳು ನಾನು ಅವರ ಮನೆಯಲ್ಲಿದ್ದಾಗ ರಿಯಾಜನ ಫೋನು ಬಂತು. ಅವನಿಗೆ ಇಂದಿಗೂ ಯಾವುದೂ ಗೊತ್ತಿಲ್ಲ. ಪಾಷಾ ಹೇಳಗೊಟ್ಟಿಲ್ಲ. ಅಜ್ಮತುನ್ನೀಸಾ ರಿಸೀವರ್ ಎತ್ತಿ ಏನೋ ಹೇಳಹೊರಟರು. ಪಾಷಾ ತಡಕಾಡಿ ಅವರ ಮುಂಗೈ ಹಿಡಿದು, ರಿಸೀವರನ್ನು ತಾವು ತೆಗೆದುಕೊಂಡರು. ರಿಯಾಜನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು, ಅವರ ಉರ್ದು ಮಾತು ನನಗೆ ಅರ್ಥವಾಗುತ್ತದೆ.

‘ಕಣ್ಣು ಹೇಗಿದೆ ಮಾಮು?’

‘ಪರವಾಗಿಲ್ಲ ಬೇಟಾ. ನಿನ್ನ ಮಷಿನ್ ಇದೆಯಲ್ಲ.’

‘ಪಟ್ಟಿ ಮುಗಿದಿರಬೇಕು ಅಂತ ಎರಡು ಡಬ್ಬಿ ಪೋಸ್ಟಿಗೆ ಹಾಕಿದ್ದೀನಿ. ಈ ವಾರ ರಿಯಾಯಿತಿ ಇತ್ತು.’

ಅಜ್ಮತುನ್ನೀಸಾ ಎದ್ದು ಅಡುಗೆಮನೆಗೆ ಹೋದರು.

‘ಎಷ್ಟಕ್ಕೆ ಬಿತ್ತು?’ ಎಂದು ಕೇಳಿದರು ಪಾಷಾ.

‘ಅಂಗಡಿಯಲ್ಲಿ ಎಂಬತ್ತು ಡಾಲರ್. ನಮ್ಮಲ್ಲಿ ಮೂವತ್ತೊಂಬತ್ತು.’

‘ಒಳ್ಳೇ ರೇಟು,’ ಎಂದರು ಪಾಷಾ ಸಾಹೇಬರು.